ಗಡ್ಡೆಯ ಮೇಲೊಂದು ಉರಿಯೂತ



ಮೂತ್ರ ಕೆಂಪಾದರೆ "ಉಷ್ಣವಾಗಿದೆ, ಎಳನೀರು ಕುಡಿ" ಎನ್ನುವುದು ನಮ್ಮ ಮನೆಗಳ ವಾಡಿಕೆ. ಕಡೂರು, ತರೀಕೆರೆ, ಅಜ್ಜಂಪುರಗಳಂಥ ತೆಂಗಿನ ಸೀಮೆಯಲ್ಲಂತೂ ಅದು ಸಹಜವೇ ಸರಿ. ಆದರೆ ನಾವಿಂದು ವಿವೇಚಿಸುವ ವ್ಯಾಧಿಯಲ್ಲಿ ಆ ಎಳನೀರೇ ಕೇಡನ್ನು ತರಬಲ್ಲುದು.

ಮೂತ್ರಪಿಂಡದ ಅರ್ಬುದ, ಎಂದರೆ ಕ್ಯಾನ್ಸರು, ಸಾಮಾನ್ಯವಾಗಿ ಒಂದೇ ಪಿಂಡದಲ್ಲಿ ತಲೆದೋರುವುದು. ಇನ್ನೊಂದು ಆರೋಗ್ಯವಾಗಿದ್ದರೆ ಅದೊಂದೇ ದೇಹದ ಕೆಲಸವನ್ನು ಸಾಗಿಸಬಲ್ಲುದು. ಹೀಗಿರಲು, ಗಡ್ಡೆಯುಳ್ಳ ರೋಗಿಗೆ ಕೆಲವೇ ವಾರಗಳಲ್ಲಿ ಮುಖ ಕಾಲುಗಳು ಬಾತು, ಮೂತ್ರವು ಚಹದ ಬಣ್ಣಕ್ಕೆ ತಿರುಗಿ, ನೊರೆಗೂಡಿ, ಕಡಮೆಯೂ ಆದರೆ, "ಗಡ್ಡೆ ಬೆಳೆಯಿತು, ಇನ್ನೇನು ಮಾಡುವುದು?" ಎಂದು ಮನೆಯವರು ಕೈಚೆಲ್ಲುವುದು ತಪ್ಪು. ಬೇರೊಂದು ರೋಗ ಒಳಹೊಕ್ಕಿದೆಯೇ ಎಂದು ಶಂಕಿಸಬೇಕು.

ಒಂದೊಂದು ಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ದೇಹದ ರಕ್ಷಣಾಶಕ್ತಿಯೇ ದಾರಿ ತಪ್ಪಿ ಇವುಗಳ ಮೇಲೆ ತಿರುಗಿದಾಗ, ಜೀವಕೋಶಗಳು ಬಿದಿಗೆಯ ಚಂದ್ರನ ಆಕಾರದಲ್ಲಿ ಒಟ್ಟುಗೂಡಿ ಶೋಧಕವನ್ನು ಅದುಮುವುವು. ಶೋಧನಶಕ್ತಿಯ ಅರ್ಧಕ್ಕೂ ಮಿಗಿಲಾದ ಭಾಗವು 3 ತಿಂಗಳೊಳಗೆ, ಕೆಲವೊಮ್ಮೆ ದಿನಗಳಲ್ಲಿಯೇ, ಅಳಿಯುವುದು. ಆಗ ಎಳನೀರಿನಲ್ಲಿ ಹೇರಳವಾಗಿರುವ ಪೊಟ್ಯಾಸಿಯಂ ಹೊರಹೋಗದೆ ರಕ್ತದಲ್ಲಿ ನಿಂತು ಹೃದಯದ ಬಡಿತವನ್ನೇ ಕೆಡಿಸಬಲ್ಲುದು.

ಅರ್ಬುದವೂ ಈ ಉರಿಯೂತವೂ ಒಬ್ಬನಲ್ಲಿಯೇ ಕೂಡುವುದು ಅಪರೂಪ. ಅರ್ಬುದದ ಮೇಲೆ ರಕ್ಷಣಾಶಕ್ತಿಯನ್ನು ಕೆರಳಿಸುವ ಹೊಸ ಔಷಧಗಳಿಂದಲೂ ಪಿಂಡಗಳು ಉರಿಯುವುದುಂಟು. ಚಿಕಿತ್ಸೆಯ ತೊಡಕು ಇಲ್ಲಿಯೇ ಇದೆ: ಉರಿಯೂತವನ್ನು ತಣಿಸಲು ಸ್ಟೀರಾಯ್ಡು, ಸೈಕ್ಲೋಫಾಸ್ಫಮೈಡುಗಳಿಂದ ರಕ್ಷಣಾಶಕ್ತಿಯನ್ನು ಕುಗ್ಗಿಸಬೇಕು, ಅರ್ಬುದರೋಗಿಗಾದರೋ ಆ ಶಕ್ತಿಯೇ ಬೇಕು. ಪಿಂಡದ ವೈದ್ಯರೂ ಅರ್ಬುದದ ವೈದ್ಯರೂ ಜೊತೆಗೂಡಿ ನಿರ್ಣಯಿಸಬೇಕಾದ ವಿಷಯವಿದು. ಶಸ್ತ್ರಕ್ರಿಯೆಯಿಂದ ತೆಗೆದ ಪಿಂಡವಿದ್ದರೆ, ಗಡ್ಡೆಯಿಲ್ಲದ ಅದರ ಭಾಗವನ್ನೂ ಪರೀಕ್ಷಿಸಿದರೆ ಸುಳಿವು ದೊರೆಯಬಹುದು; ಗಡ್ಡೆಯ ಗಲಾಟೆಯಲ್ಲಿ ಆ ಭಾಗವನ್ನು ಮರೆಯುವುದೇ ಹೆಚ್ಚು.

ಮೊದಲ ಸುಳಿವಿಗೆ ದೊಡ್ಡ ಯಂತ್ರಗಳು ಬೇಡ. ಮೂತ್ರದಲ್ಲಿ ರಕ್ತಕಣಗಳೂ ಪ್ರೋಟೀನೂ ಇವೆಯೇ, ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂಬುದನ್ನು ಸಣ್ಣ ಊರಿನ ಪ್ರಯೋಗಶಾಲೆಯಲ್ಲಿಯೂ ನೋಡಬಹುದು. ಸೂಜಿಯಿಂದ ಪಿಂಡದ ತುಣುಕು ತೆಗೆದು ನೋಡಲು ಮಾತ್ರ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತರೀಕೆರೆಯವರಿಗೆ ಶಿವಮೊಗ್ಗ ಹತ್ತಿರ. ಕಡೂರು, ಅಜ್ಜಂಪುರಗಳಿಂದ ಬೆಂಗಳೂರಿಗೆ ರೈಲುಂಟು. ಅಲ್ಲಿ ಅರ್ಬುದಕ್ಕೆ ಕಿದ್ವಾಯಿ ಸಂಸ್ಥೆ, ಪಿಂಡಗಳಿಗೆ ನೆಫ್ರೋ-ಯುರಾಲಜಿ ಸಂಸ್ಥೆ ಎಂದು ಎರಡು ಬೇರೆ ಬಾಗಿಲುಗಳಿವೆ. ಎರಡಕ್ಕೂ ಹಳೆಯ ಕ್ರಿಯಾಟಿನಿನ್ ಚೀಟಿಗಳನ್ನು ತಾರೀಖು ಸಹಿತ ಒಯ್ಯಬೇಕು. ರೋಗದ ವೇಗವು ತಿಳಿಯುವುದು ಇಂದಿನ ಅಂಕಿಯೊಂದರಿಂದಲ್ಲ, ಹಿಂದಿನ ಅಂಕಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿದಾಗ.