ಗ್ಲಾಸು ಬೇರೆ ಮಾಡಬೇಡಿ, ಬ್ಲೇಡು ಬೇರೆ ಮಾಡಿ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಕ್ತಪರೀಕ್ಷೆಯಲ್ಲಿ ‘ಹೆಪಟೈಟಿಸ್ ಬಿ’ ಎಂದು ಬಂದರೆ ಸಾಕು, ಆ ಮಾಣಿಯ ಗ್ಲಾಸು ಬೇರೆ, ತಟ್ಟೆ ಬೇರೆ. ಕಡೆಗೆ ಕೆಲಸವೂ ಇಲ್ಲ. ಈ ಭಯಕ್ಕೆ ಆಧಾರವುಂಟೇ? ಇಲ್ಲ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಬೇರೆ, ಇದು ಬೇರೆ. ಇದು ಹರಡುವುದು ರಕ್ತದಿಂದ, ಶುದ್ಧವಿಲ್ಲದ ಸೂಜಿಯಿಂದ, ಸಂಭೋಗದಿಂದ, ಹೆರಿಗೆಯ ಹೊತ್ತಿಗೆ ತಾಯಿಯಿಂದ ಕೂಸಿಗೆ. ಬಡಿಸುವ ಕೈಯಿಂದಲ್ಲ.

ತೈವಾನ್ ದ್ವೀಪದ ಸಂಗತಿ ಕೇಳಿ. 1980ರ ಸುಮಾರಿಗೆ ಅಲ್ಲಿಯ ವಯಸ್ಕರಲ್ಲಿ 100ಕ್ಕೆ 15ರಿಂದ 20 ಮಂದಿಯ ರಕ್ತದಲ್ಲಿ ಈ ವೈರಸ್ ನೆಲೆಸಿತ್ತು. ಬಹುಮಂದಿಗೆ ನೋವೇ ಇಲ್ಲ. ಆದರೆ ವರ್ಷಗಳು ಕಳೆದ ಮೇಲೆ ಕೆಲವರ ಲಿವರ್ ಕೆಡುವುದು, ಕ್ಯಾನ್ಸರ್ ಆಗುವುದು.

ಇಷ್ಟು ಜನಕ್ಕೆ ಹೇಗೆ ಬಂತು? ದೊಡ್ಡವರಾದ ಮೇಲೆ ತಗಲಿದರೆ 100ರಲ್ಲಿ 95 ಮಂದಿಯ ಶರೀರ ತಾನೇ ಹೋರಾಡಿ ಗೆಲ್ಲುತ್ತದೆ. ಮತ್ತೆ ತಗಲದಂಥ ಶಕ್ತಿಯನ್ನೂ ಪಡೆಯುತ್ತದೆ. ಹುಟ್ಟುವಾಗಲೇ ತಗಲಿದರೆ 100ರಲ್ಲಿ ಸುಮಾರು 90 ಕೂಸುಗಳಲ್ಲಿ ಅದು ಬೇರೂರುತ್ತದೆ. ಆದುದರಿಂದ ಅವರು ತೊಟ್ಟಿಲಿನಿಂದಲೇ ಕೆಲಸ ಆರಂಭಿಸಿದರು. 1984ರಲ್ಲಿ ವೈರಸ್ ಇದ್ದ ತಾಯಂದಿರ ಕೂಸುಗಳಿಗೆ, 1986ರಲ್ಲಿ ಎಲ್ಲ ಕೂಸುಗಳಿಗೆ ಲಸಿಕೆ ಹಾಕಿದರು. ತೈಪೆ ನಗರದ ಮಕ್ಕಳಲ್ಲಿ 1984ರಲ್ಲಿ 100ಕ್ಕೆ ಸುಮಾರು 10 ಇದ್ದ ಸೋಂಕು 1994ಕ್ಕೆ 1.3 ಆಯಿತು, 1999ಕ್ಕೆ 0.7. ಮಕ್ಕಳ ಲಿವರ್ ಕ್ಯಾನ್ಸರೂ ಇಳಿಯಿತು.

ನಮ್ಮಲ್ಲಿ? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 3 ಕೋಟಿ ಜನರಲ್ಲಿ ಇದು ಇತ್ತು. ದೇಶದ ಎಲ್ಲ ಕೂಸುಗಳಿಗೂ ಸರಕಾರದ ಲಸಿಕೆ ಸಿಕ್ಕುವಂತಾದದ್ದು 2011ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ನಮ್ಮಲ್ಲಿ ಬಹುಮಂದಿಗೆ ಆ ರಕ್ಷಣೆ ಇಲ್ಲ.

ಆದುದರಿಂದ ಬಂಧುಗಳೇ, ಮೂರು ಮಾತು. ಕೂಸು ಹುಟ್ಟಿದರೆ 24 ತಾಸಿನೊಳಗೆ ಮೊದಲ ಲಸಿಕೆ ಹಾಕಿಸಿ. ಊರಿನಲ್ಲಿರುವ ಮನೆಯವರಿಗೂ ಇದನ್ನು ಬರೆದು ತಿಳಿಸಿ. ಎರಡನೆಯದು, ನೀವೂ ರಕ್ತ ಪರೀಕ್ಷೆ ಮಾಡಿಸಿ. ರೋಗವಿಲ್ಲದಿದ್ದರೆ ವೈದ್ಯರನ್ನು ಕೇಳಿ ಲಸಿಕೆ ಹಾಕಿಸಿಕೊಳ್ಳಿ. ಆರು ತಿಂಗಳಲ್ಲಿ ಮೂರು ಚುಚ್ಚು. ಇದ್ದರೆ ಹೆದರಬೇಡಿ, 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಂತೆ ಸರಕಾರಿ ಕೇಂದ್ರಗಳಲ್ಲಿ ಪರೀಕ್ಷೆ, ಔಷಧಿ ಉಚಿತ. ಮೂರನೆಯದು, ಒಂದೇ ಖೋಲಿಯಲ್ಲಿ ಹತ್ತು ಮಂದಿ ಇರುವ ನಾವು ಕ್ಷೌರದ ಬ್ಲೇಡನ್ನು ಹಂಚಿಕೊಳ್ಳಬಾರದು. ಚಹಾದ ಗ್ಲಾಸಿಗೆ ದೋಷವಿಲ್ಲ.

ಈ ಕಾರಣಕ್ಕೆ ಯಾರನ್ನಾದರೂ ಕೆಲಸದಿಂದ ತೆಗೆದರೆ ಸಂಘಕ್ಕೆ ತಿಳಿಸಿ. ಮಾಲಿಕರೊಡನೆ ನಾವು ಮಾತಾಡುತ್ತೇವೆ. ಆದರೆ ಮೊದಲು ಪಕ್ಕದಲ್ಲಿ ಮಲಗುವ ನೀವೇ ಅವನನ್ನು ದೂರ ಮಾಡಬೇಡಿ.