ಹೆಸರೊಂದು ಬಿಟ್ಟು ಉಳಿದದ್ದು ಕೇಳ್ರಿ

ನಾನು... ಹೆಸರು ಬ್ಯಾಡ ಬಿಡ್ರಿ. ಹುಬ್ಬಳ್ಳಿ-ಧಾರವಾಡದ ನಡುವೆ ದಿನಾ ಚಿಗರಿ ಬಸ್ಸಿನಾಗ ಓಡಾಡೋ ಮಂದಿಯೊಳಗ ನಾನೂ ಒಬ್ಬಾಂವ. ಇವತ್ತು ನಿಮ್ಮ ಪಕ್ಕದ ಸೀಟಿನಾಗೇ ಕುಂತಿರಬಹುದು!

ರಾತ್ರಿ ಊಟ ಆದ ಮ್ಯಾಲೆ ಕನ್ನಡ ವಿಕಿಪೀಡಿಯ ತಿದ್ದತೀನಿ. ಪಗಾರ ಇಲ್ಲ. 2003ರಾಗ ಶುರುವಾದ ಈ ವಿಶ್ವಕೋಶ ಬೆಳೆದದ್ದೇ ಇಂಥ ಬಿಟ್ಟಿ ಕೆಲಸದವರಿಂದ. ಅಲ್ಲಿ ನನಗೊಂದು ಬಳಕೆದಾರ ಹೆಸರೈತಿ. ಅದು ಮನ್ಯಾಗೂ ಗೊತ್ತಿಲ್ಲ.

ಒಂದಿನ ಅಪ್ಪ ಚಹಾ ಕುಡೀತಾ, ಮೊಬೈಲಿನಾಗ ಒಂದು ಪುಟ ಓದಿ, ‘ಗಂಗೂಬಾಯಿಯವರು ಹುಟ್ಟಿದ್ದು ಹಾನಗಲ್ಲಿನಾಗಂತ. ಇದನ್ನ ಬರದಾಂವ ಎಷ್ಟು ಶಾಣ್ಯಾ ನೋಡು, ನೀನೂ ಇದ್ದಿ!’ ಅಂದ್ರು.

ಬರದಾಂವ ನಾನೇ. ಮೊದಲು ನಗು ಬಂತು, ಹಿಂದೇ ಬೆವರೂ ಬಂತು. ಅಡ್ಡಹೆಸರು ನೋಡಿ ಊರು ಊಹಿಸಿಬಿಟ್ಟಿದ್ದೆ. ಪುಸ್ತಕ ತೆಗೆದು ನೋಡಿದ್ರ, ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರಾಗ, ನಮ್ಮ ಧಾರವಾಡದಾಗ!

ಅವತ್ತೇ ತಿದ್ದಿ, ಮೂಲ ಹಾಕಿದೆ. ಆದರ ಪುಟದ ‘ಇತಿಹಾಸ’ ಒತ್ತಿದ್ರ ನನ್ನ ತಪ್ಪೂ ತಿದ್ದುಪಡಿಯೂ ತಾರೀಖಿನ ಸಮೇತ ಕಾಣ್ತಾವ. ಹೆಸರು ಮುಚ್ಚಿಡಬಹುದು, ಮಾಡಿದ್ದು ಮುಚ್ಚಿಡಾಕ ಬರಂಗಿಲ್ಲ. ಅದಕ್ಕೇ ‘ನೀ ಯಾರು’ ಅಂತ ಕೇಳಬ್ಯಾಡ್ರಿ, ‘ಯಾವ ಪುಸ್ತಕ ನೋಡಿ ಬರದಿ’ ಅಂತ ಕೇಳ್ರಿ.

ಅಪ್ಪಗ ಸರಿಯಾದ ಊರು ಹೇಳಿದೆ.

‘ಯಾರು ಹೇಳಿದ್ರು?’

‘ವಿಕಿಪೀಡಿಯ.’

‘ಹಂಗಂದ್ರ ಖರೇ ಇರಬೇಕು ಬಿಡು!’