ದಿನಬಳಕೆಯಲ್ಲಿ ದೀರ್ಘಶಾಂತಿ

ಸಂತ ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪ್ರೀತಿಯೇ ಮೊದಲಾದ ಒಂಬತ್ತು ಸದ್ಗುಣಗಳನ್ನು ಹೆಸರಿಸಿರುವನು. ಮನುಷ್ಯನ ದುರ್ಗುಣಗಳನ್ನು ಹೇಳುವಾಗ ಆತನು ಅವುಗಳನ್ನು ಕರ್ಮಗಳೆಂದು ಬಹುವಚನದಲ್ಲಿ ಕರೆದು, ಸದ್ಗುಣಗಳ ಮಾತು ಬಂದಾಗ ಫಲವೆಂದು ಏಕವಚನದಲ್ಲಿ ನಿಲ್ಲಿಸುವನು. ಇದು ವ್ಯಾಕರಣದ ಸಣ್ಣ ಸಂಗತಿಯೆಂದು ನಮಗೆ ತೋರಲಿಲ್ಲ. ಕರ್ಮವನ್ನು ಈ ಗಳಿಗೆಯಲ್ಲಿ ಮಾಡಿ ಮುಗಿಸಬಹುದು. ಫಲವಾದರೋ ಬೆಳೆಯಬೇಕು.

ಬೆಳೆಯುವುದೆಂದರೇನೆಂಬುದು ನಗರವಾಸಿಗಳಾದ ನಮಗೆ ಮರೆತಂತಾಗಿರುವುದು. ವಿಜಯಪುರದ ಪಶ್ಚಿಮಕ್ಕೆ, ತಿಕೋಟೆಯ ಸೀಮೆಯಲ್ಲಿ, ಕಳ್ಳಕವಟಗಿಯಂತಹ ಊರುಗಳಿವೆ. ಮಳೆ ಕಡಮೆಯಾದ ಆ ನಾಡಿನ ಎರೆಭೂಮಿಯಲ್ಲಿ ಹಿಂಗಾರಿಗೆ ಬಿತ್ತಿದ ಬಿಳಿಜೋಳವು, ಆಮೇಲೆ ಹೆಚ್ಚು ಮಳೆಯನ್ನು ಕಾಣದೆ, ಮಣ್ಣು ಒಳಗೆ ಹಿಡಿದಿಟ್ಟ ಹಸಿಯಿಂದಲೇ ತೆನೆಗಟ್ಟುವುದು. ಒಕ್ಕಲುಮಗನು ಮರಳಿ ಮರಳಿ ಎಡೆ ಹೊಡೆಯುವನು. ಮೇಲ್ಮಣ್ಣು ಸಡಿಲಾಗಿ, ನೆಲದ ಬಿರುಕು ಮುಚ್ಚಿ, ಹಸಿಯು ಆರದೆ ಉಳಿಯುವುದು. ಅವನು ಮಾಡಬಲ್ಲದ್ದು ಅಷ್ಟೆ. ತೆನೆಯನ್ನು ಕೈಯಿಂದ ಎಳೆದು ಉದ್ದಮಾಡಲಾರನು.

ಪೌಲನ ಆ ಒಂಬತ್ತರಲ್ಲಿ ಒಂದನ್ನು ಕನ್ನಡ ಬೈಬಲು ‘ದೀರ್ಘಶಾಂತಿ’ ಎಂದು ಕರೆಯುವುದು. ಎಂತಹ ಪದ! ಒಂದು ಗಳಿಗೆಯ ಸೈರಣೆ ಎಲ್ಲರಿಗೂ ಸಾಧ್ಯ, ಅದರಲ್ಲಿಯೂ ನೋಡುವವರಿದ್ದಾಗ. ಸಭೆಯಲ್ಲಿ ನಾವು ಶಾಂತರೆಂಬುದನ್ನು ಸಭಿಕರು ಹೇಳಿಯಾರು. ನಿಜವಾದ ಸಾಕ್ಷಿಯೆಂದರೆ ನಮಗೆ ಕಾಫಿಯನ್ನು ತಡವಾಗಿ ತಂದ ಹುಡುಗನು. ಭಾನುವಾರ ಕಾಣಿಕೆಯ ತಟ್ಟೆಗೆ ಧಾರಾಳವಾಗಿ ಹಾಕುವ ಕೈಯೇ ಸೋಮವಾರ ಸೊಪ್ಪಿನವಳೊಡನೆ ಒಂದು ಕಟ್ಟಿನ ಬೆಲೆಗಾಗಿ ಹೆಣಗುವುದುಂಟು. ಎಡೆ ಹೊಡೆಯಬೇಕಾದದ್ದು ಆ ಸೋಮವಾರದ ಹೊಲದಲ್ಲಿ. ಇಲ್ಲಿ ಒಂದು ಮಾತನ್ನು ಹೇಳಿಬಿಡಬೇಕು: ಪರರ ಹಸಿವನ್ನು, ಪರರಿಗಾದ ಅನ್ಯಾಯವನ್ನು ನಾವು ಶಾಂತಿಯಿಂದ ಸಹಿಸುವುದು ದೀರ್ಘಶಾಂತಿಯಲ್ಲ, ಅದಕ್ಕೆ ಬೇರೆ ಹೆಸರಿರುವುದು.

ಈ ಗುಣವು ಕನ್ನಡನಾಡಿನಲ್ಲಿ ಬೆಳೆದು ನಿಂತುದನ್ನು ನೋಡಬೇಕಾದರೆ ರೆವರೆಂಡ್ ಉತ್ತಂಗಿ ಚನ್ನಪ್ಪನವರನ್ನು ನೆನೆಯಬೇಕು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಇವರು ಬಾಸೆಲ್ ಮಿಶನ್ನಿನ ಬೋಧಕರು. ಬೋಧಕನ ವೃತ್ತಿ ಹೇಳುವುದು, ಉಳಿದವರ ವೃತ್ತಿ ಕೇಳುವುದು. (ಉಪನ್ಯಾಸಕರಾದ ನಮಗೂ ಈ ಏರ್ಪಾಡು ಹಿತವಾಗಿಯೇ ಇರುವುದು.) ಉತ್ತಂಗಿಯವರಾದರೋ ಕೇಳುವುದಕ್ಕೆ ಕುಳಿತರು. ಜನರ ಬಾಯಲ್ಲಿಯೂ ಹಳೆಯ ಪ್ರತಿಗಳಲ್ಲಿಯೂ ಚೆದರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ವರ್ಷಗಟ್ಟಲೆ ಕೂಡಿಸಿ, ಪಾಠಗಳನ್ನು ಹೋಲಿಸಿ, 1924ರಲ್ಲಿ ಅಚ್ಚು ಮಾಡಿಸಿದರು. ಇಂತಹ ಕೆಲಸದಲ್ಲಿ ಆತುರಕ್ಕೆ ಎಡೆಯಿಲ್ಲ. ಪದ ಬಲ್ಲ ಮುದುಕನಿಗೆ ಮೊದಲ ಸಾಲು ನೆನಪಾಗಿ ಮೂರನೆಯದು ಮರೆತಿರುವುದು; ಅದು ಬರುವವರೆಗೆ ಕಾಯಬೇಕು. ಅದೂ ಅಲ್ಲದೆ, ಸರ್ವಜ್ಞನು ಗುರುವೆನಿಸಿಕೊಂಡವರನ್ನು ಸುಮ್ಮನೆ ಬಿಟ್ಟವನಲ್ಲ. ಧರ್ಮೋಪದೇಶಕರೊಬ್ಬರು ಆ ಚಾಟಿಯನ್ನೇ ಜೋಪಾನವಾಗಿ ಎತ್ತಿ ನಾಡಿಗೆ ಕೊಟ್ಟದ್ದು ಸಾಧುತ್ವವಲ್ಲದೆ ಮತ್ತೇನು?

ಅದೇ ಕಾಲದಲ್ಲಿ ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಶಿವಶರಣರ ವಚನಗಳನ್ನು ತಾಳೆಗರಿಗಳಿಂದ ಎತ್ತಿ ಕಟ್ಟುತ್ತಿದ್ದರು. ಅವರ ವಚನಶಾಸ್ತ್ರಸಾರವು 1923ರಲ್ಲಿ ಹೊರಬಿದ್ದಿತು. ಒಬ್ಬರು ಲಿಂಗವಂತರು, ಒಬ್ಬರು ಕ್ರೈಸ್ತರು. ಮುಂದೆ ಉತ್ತಂಗಿಯವರು ಶರಣರ ಅನುಭವ ಮಂಟಪವು ಐತಿಹಾಸಿಕವೆಂದು ಸಾಧಿಸಲು ಶ್ರಮಿಸಿದರು. ತಮ್ಮ ನಂಬಿಕೆಯನ್ನು ಬಿಟ್ಟುಕೊಟ್ಟು ಹಾಗೆ ಮಾಡಲಿಲ್ಲ. ಕ್ರೈಸ್ತರಾಗಿಯೇ ಉಳಿದು ಮಾಡಿದರು. 1949ರಲ್ಲಿ ಕಲಬುರಗಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. ಸರ್ವಜ್ಞನ ಪದಗಳು ಅಚ್ಚಾಗಿ ಆಗಲೇ 25 ವರ್ಷಗಳು ಕಳೆದಿದ್ದುವು.